ಈ ವರ್ಷಕ್ಕೆ ಆಗ್ಲಿ

ಮಾರ್ಚ್ ೪, ಮಂಗಳವಾರ

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ: ನಾನು ಕೇಳಿದ್ದೆ. ಪ್ರತಿ ವರ್ಷ ಕೇಳಿದ್ದೆ.

ಬೆಳಿಗ್ಗೆ ವಕೀಲ ಹಾಡ್ನೆಟ್ ಫೋನ್ ಮಾಡಿದರು. ಮನೆ ಕೊಳ್ಳುವವರ ಕಡೆಯಿಂದ ದಾರಿಯ ಪ್ರಶ್ನೆ ಬಂದಿದೆಯಂತೆ. ಪತ್ರಗಳ ಪ್ರಕಾರ ನಮ್ಮ ಮನೆ ಬ್ರೂಕ್ ಎಂಡ್‌ಗೆ ಇರುವುದು ಹಳ್ಳ ದಾಟಿ ಬರುವ ಹಳೆಯ ದಾರಿ ಮಾತ್ರ. ಅಲ್ಲಿ ಈಗ ಮುಳ್ಳು ಬೆಳೆದು, ಕಾರು ಹೋಗಲಿ, ಕುರಿ ಕೂಡ ನುಗ್ಗುವುದಿಲ್ಲ. ಇಪ್ಪತ್ತೊಂದು ವರ್ಷದಿಂದ ನಾವು ಓಡಾಡುತ್ತಿರುವುದು ಪಕ್ಕದ ಪ್ರಾಸರ್ ಫಾರ್ಮಿನ ಓಣಿಯಲ್ಲಿ. ಓಣಿ ಅವರದು.

ಹಾಡ್ನೆಟ್ ನಿಧಾನದ ಮನುಷ್ಯ. ಉತ್ತರಿಸುವ ಮುಂಚೆ ಪ್ರಶ್ನೆ ಏಕೆ ಮುಖ್ಯ ಎಂದು ವಿವರಿಸುತ್ತೇನೆ ಎಂದರು. ಇಪ್ಪತ್ತು ವರ್ಷ ಎಲ್ಲರ ಕಣ್ಣೆದುರಿಗೆ, ಯಾರನ್ನೂ ಕೇಳದೆ, ಇನ್ನೊಬ್ಬರ ದಾರಿಯಲ್ಲಿ ಓಡಾಡಿದರೆ ಈ ದೇಶದ ಕಾನೂನು ಅದನ್ನು ನಿಮ್ಮ ಹಕ್ಕು ಎನ್ನುತ್ತದೆ. ಕೇಳಿಕೊಂಡು ಓಡಾಡಿದರೆ ಅದು ಮಾಲೀಕನ ದಯೆ. ದಯೆ ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ.

"ಈಗ ಹೇಳಿ. ನೀವಾಗಲಿ ನಿಮ್ಮ ಗಂಡ ಜೆರೆಮಿಯಾಗಲಿ ಯಾವತ್ತಾದ್ರೂ ಪ್ರಾಸರ್ ಹತ್ರ ಅನುಮತಿ ಕೇಳಿದ್ರಾ?"

ನಾನು ಸುಮ್ಮನಿದ್ದೆ. ಆ ಮೌನ ಅವರಿಗೆ ಅರ್ಥವಾಗಿರಬೇಕು.

"ಅವಸರ ಇಲ್ಲ. ನೀವು ಏನು ನೆನಪಿಟ್ಕೋಬೇಕು ಅಂತ ನಾನು ಹೇಳೋ ಹಾಗಿಲ್ಲ. ಹೇಳಿಕೆಯ ಕರಡು ಕಳಿಸ್ತೀನಿ, ಓದಿ ನೋಡಿ" ಎಂದರು.

ಥ್ಯಾಂಕ್ಸ್ ಹೇಳಿದೆ. ಯಾತಕ್ಕೆ ಎಂದು ಈಗ ಯೋಚಿಸುತ್ತಿದ್ದೇನೆ.

ಮಾರ್ಚ್ ೫, ಬುಧವಾರ

ಕೇಳುವುದನ್ನು ನನಗೆ ಕಲಿಸಿದ್ದು ಇಂಗ್ಲಿಷೇ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಹತ್ತು ವರ್ಷ ಹೊಸ್ತಿಲಾಚೆ ನಿಂತು, ಒಳಗೆ ಬರಲೇ ಸಿಸ್ಟರ್, ನೀರು ಕುಡಿಯಲೇ ಸಿಸ್ಟರ್ ಎಂದು ಕೇಳಿಕೊಂಡು ಬೆಳೆದವಳು. ಆ ಭಾಷೆಯಲ್ಲಿ ನಾನು ಕಲಿತ ಮೊದಲ ಪೂರ್ತಿ ವಾಕ್ಯವೇ ಒಂದು ಪ್ರಶ್ನೆ. ಅದೇ ಭಾಷೆಯ ಊರಿಗೆ ಸೊಸೆಯಾಗಿ ಬಂದಾಗಲೂ ಅದನ್ನೇ ಬಾಯಲ್ಲಿಟ್ಟುಕೊಂಡು ಬಂದೆ.

ನಾವು ಈ ಮನೆ ಕೊಂಡ ಮೊದಲ ಚಳಿಗಾಲ, ೨೦೦೪ರ ಜನವರಿಯ ಮೊದಲ ಭಾನುವಾರ, ಶೇಂಗಾ ಚಿಕ್ಕಿ ಮಾಡಿ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ ಪ್ರಾಸರ್ ಮನೆಗೆ ಹೋದೆ. ಇಲ್ಲಿ ಯಾರೂ ಹಾಗೆಲ್ಲ ಮಾಡುವುದಿಲ್ಲ, ಸುಮ್ಮನೆ ಓಡಿಸು ಎಂದು ಜೆರೆಮಿ ನಕ್ಕಿದ್ದ. ವಿಲ್ಫ್ ಪ್ರಾಸರನಿಗೆ ಆಗ ಅರವತ್ತರ ಮೇಲೆ. ಅಡಿಗೆಮನೆಯ ಒಲೆಯ ಪಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ತಾಯಿ ಬಿಟ್ಟ ಕುರಿಮರಿ ಮಲಗಿತ್ತು. ನಿಮ್ಮ ಓಣಿಯಲ್ಲಿ ಈ ವರ್ಷ ನಾವು ಕಾರು ಓಡಿಸಬಹುದೇ ಎಂದು ಕೇಳಿದೆ. ಅವನು ಚಿಕ್ಕಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಯೋಚಿಸುತ್ತಿದ್ದಾನೆ ಎಂದುಕೊಂಡೆ. ಕಟ್ಟಿಸಿದ ಹಲ್ಲು ಅಂಟಿಕೊಂಡಿತ್ತು.

"ದಾರಿ ಕೇಳಕ್ಕೆ ಬಂದ್ಯೋ, ನನ್ನ ಹಲ್ಲು ತಗೊಂಡು ಹೋಗಕ್ಕೆ ಬಂದ್ಯೋ ಹುಡುಗಿ?" ಎಂದ. ಆಮೇಲೆ, "ಈ ವರ್ಷಕ್ಕೆ ಆಗ್ಲಿ ಹೋಗು. ಬರೋ ವರ್ಷದ್ದು ಬರೋ ವರ್ಷ ನೋಡಾಣ."

ಮುಂದಿನ ವರ್ಷದಿಂದ ರವೆ ಉಂಡೆ. ಪ್ರತಿ ಜನವರಿ ಅದೇ ಪ್ರಶ್ನೆ, ಅದೇ ಉತ್ತರ. ಕರಿ ಚಹಾ, ಕಾಲಬಳಿ ನಾಯಿ, ರೇಡಿಯೋದಲ್ಲಿ ಕುದುರೆ ಜೂಜು. ಈ ಕಣಿವೆಯಲ್ಲಿ ನನ್ನನ್ನು ನೀನು ಎಲ್ಲಿಯವಳು ಎಂದು ಕೇಳದೆ ಕುರ್ಚಿ ಎಳೆದು ಕೊಟ್ಟವನು ಅವನೊಬ್ಬನೇ. ಕಳೆದ ನವೆಂಬರಿನಲ್ಲಿ ತೀರಿಕೊಂಡ. ಈ ಜನವರಿ ನಾನು ಯಾರನ್ನೂ ಕೇಳಲಿಲ್ಲ.

ಅಂದರೆ ಈಗ ಈ ವಿಷಯ ತಿಳಿದಿರುವುದು ನನಗೆ ಮತ್ತು ಜೆರೆಮಿಗೆ.

ಮಾರ್ಚ್ ೮, ಶನಿವಾರ

ಮನೆ ಕೊಳ್ಳುವ ದಂಪತಿ ಪರದೆಗಳ ಅಳತೆ ತೆಗೆಯಲು ಲಂಡನ್ನಿನಿಂದ ಬಂದಿದ್ದರು. ನಾನು ಅಡಿಗೆಮನೆಯಲ್ಲಿ ಕೂತಿರಬಹುದೇ ಎಂದು ಏಜೆಂಟ್ ಹುಡುಗಿಯನ್ನು ಕೇಳಿದೆ. ಹೊರಗಿದ್ದರೆ ಒಳ್ಳೆಯದು ಎಂದಳು. ಸೌದೆ ಕೊಟ್ಟಿಗೆಯಲ್ಲಿ ಕೂತು ಅವಳ ಜಾಹೀರಾತನ್ನು ಮತ್ತೆ ಓದಿದೆ: "ಮನಮೋಹಕ ಖಾಸಗಿ ಓಣಿಯ ತುದಿಯಲ್ಲಿ, ಲೋಕದ ಕಣ್ಣಿಗೆ ಬೀಳದಂತೆ ಅಡಗಿರುವ ಕುಟುಂಬದ ಮನೆ." ಖಾಸಗಿ ಎನ್ನುವುದು ನಿಜ. ಯಾರ ಖಾಸಗಿ ಎಂದು ಬರೆದಿಲ್ಲ. ಕುಟುಂಬದ ಮಾತು ಬೇಡ.

ಹೋಗುವಾಗ ಆ ಹೆಂಗಸು, ಇಲ್ಲಿದ್ದರೆ ಯಾರೂ ನಮ್ಮನ್ನು ಹುಡುಕಲಾರರು ಅಲ್ಲವೇ ಎಂದು ಸಂತೋಷಪಟ್ಟಳು. ಹೌದು, ಯಾರೂ ಹುಡುಕಿಕೊಂಡು ಬರುವುದಿಲ್ಲ ಎಂದೆ.

ಉಪ್ಪಿನಕಾಯಿ ಜಾಡಿಯನ್ನೂ, ಹಿತ್ತಿಲ ಕ್ವಿನ್ಸ್ ಹಣ್ಣಿನ ಸಸಿಯನ್ನೂ ನಾನು ತೆಗೆದುಕೊಂಡು ಹೋಗಬಹುದೇ ಎಂದು ಜೆರೆಮಿಗೆ ಮೆಸೇಜು ಹಾಕಿದೆ. ಜಾಡಿ ನಾನೇ ಕೊಂಡದ್ದು. ಸಸಿ ನಾನೇ ನೆಟ್ಟದ್ದು.

ಮಾರ್ಚ್ ೧೩, ಗುರುವಾರ

ಕರಡು ಬಂತು. ಮೂರನೆಯ ಕಲಮು: "ನಾನು ಮತ್ತು ನನ್ನ ಗಂಡ ಸದರಿ ಓಣಿಯನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಹಿರಂಗವಾಗಿ, ಯಾವುದೇ ತಡೆಯಿಲ್ಲದೆ, ಯಾರ ಅನುಮತಿಯನ್ನೂ ಕೇಳದೆ ಮತ್ತು ಪಡೆಯದೆ ಬಳಸಿದ್ದೇವೆ." ಸರಿಯಿದ್ದರೆ ಯಾವುದಾದರೂ ವಕೀಲರ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕು. ತಪ್ಪಿದ್ದರೆ ಅಂಚಿನಲ್ಲಿ ತಿದ್ದಿ ವಾಪಸು ಕಳಿಸಬೇಕು.

ಜೆರೆಮಿ ಬಾತ್ ಊರಿನಲ್ಲಿ ತನ್ನದಕ್ಕೆ ಸಹಿ ಹಾಕಿ ಕಳಿಸಿಯಾಗಿದೆ. ಫೋನಿನಲ್ಲಿ ಬಹಳ ಮೃದುವಾಗಿ ಮಾತಾಡಿದ. ಅವನು ಯಾವಾಗಲೂ ಮೃದುವೇ. ಸೆಪ್ಟೆಂಬರಿನಲ್ಲಿ, ಆಫೀಸಿನ ಕ್ಯಾರೊಲಿನ್ ಜೊತೆ ಇರಲು ಹೋಗುತ್ತಿದ್ದೇನೆ ಎಂದದ್ದೂ ಇದೇ ದನಿಯಲ್ಲಿ.

"ಹೇಮಾ, ನಾನಂತೂ ಯಾರನ್ನೂ ಕೇಳಿಲ್ಲ."

"ನಿನ್ನ ಹೇಳಿಕೆಯಲ್ಲಿ ನಾನೂ ಕೇಳಿಲ್ಲ ಅಂತ ಇದೆ."

"ಅದು ಕೇಳಿದ ಹಾಗೇನಾ? ಒಬ್ಬ ಮುದುಕನಿಗೆ ನೀನು ಸ್ವೀಟ್ ಕೊಟ್ಟು ಬರ್ತಿದ್ದೆ ಅಷ್ಟೇ."

ಇರಬಹುದು ಎಂದೆ. ನಿಜಕ್ಕೂ ಅರ್ಧ ಗಂಟೆ ಹಾಗೇ ಇರಬಹುದು ಎಂದು ನಂಬಿದ್ದೆ. ದಾರಿ ಕೇಳಿಕೊಂಡು ಓಡಾಡಿದವಳು ನಾನು. ಯಾರನ್ನೂ ಕೇಳದೆ ಹೊರಟವನು ಅವನು. ಕಾನೂನಿನ ಪ್ರಕಾರ ಹಕ್ಕು ಹುಟ್ಟುವುದು ಅವನ ರೀತಿಯಲ್ಲಿ.

ಮಾರ್ಚ್ ೧೬, ಭಾನುವಾರ

ಮಗಳು ಇಳಾ ಜೊತೆ ಲಡ್ಲೋಗೆ ಹೋಗಿದ್ದೆ. ನಾವು ಕೊಳ್ಳಬೇಕೆಂದಿರುವ ಮನೆ ಬೀದಿಯ ಸಾಲಿನಲ್ಲಿ ಒಂಬತ್ತನೆಯದು. ಎರಡು ಕೋಣೆ, ಕಾಲೇಜಿಗೆ ಹತ್ತು ನಿಮಿಷ. ಹಿಂದಿನ ಕೋಣೆಯ ಕಿಟಕಿಯಿಂದ ನದಿ ಕಾಣುತ್ತದೆ. ಮಂಚ ಎಲ್ಲಿ ಹಾಕಬೇಕೆಂದು ಅವಳು ಹೆಜ್ಜೆಯಲ್ಲಿ ಅಳೆದಳು. ಸೆಪ್ಟೆಂಬರಿನಿಂದ ಅವಳು ಏನನ್ನಾದರೂ ಬೇಕು ಎಂದದ್ದು ಇದೇ ಮೊದಲು. ಮನೆಯೊಡತಿ ಈಸ್ಟರ್‌ವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದು ಸ್ಪಷ್ಟವಾಗಿ ಹೇಳಿದ್ದಾರೆ.

ಕಾರಿನಲ್ಲಿ ಇಳಾಗೆ ಓಣಿಯ ವಿಷಯ ಹೇಳಿದೆ. ಹದಿನಾರರ ಹುಡುಗಿಗೆ ಹೇಳಬಾರದಿತ್ತೇನೋ. ಅವಳು ಕಿಟಕಿಯಾಚೆ ನೋಡುತ್ತಾ, "ಯಾರಿಗೆ ಗೊತ್ತಾಗತ್ತೆ ಅಮ್ಮಾ?" ಎಂದಳು. ಕುಹಕವಿರಲಿಲ್ಲ. ನಿಜವಾಗಿ ತಿಳಿಯಬಯಸಿದ ಪ್ರಶ್ನೆ.

ಯಾರಿಗೂ ಇಲ್ಲ ಎಂದೆ.

"ಮತ್ತೆ?"

ಮಾರ್ಚ್ ೧೭, ಸೋಮವಾರ

ಸಹಿ ಹಾಕುತ್ತೇನೆ. ಗುರುವಾರ ಲೆಮ್‌ಸ್ಟರಿನ ವಕೀಲರಲ್ಲಿ ಸಮಯ ಕೇಳಿದ್ದೇನೆ.

ಮಾರ್ಚ್ ೨೦, ಗುರುವಾರ

ಗಂಟಲು ನೋವು. ಹೋಗಲಾಗಲಿಲ್ಲ. ಕ್ಷಮೆ ಕೇಳಿ ಫೋನ್ ಮಾಡಿದೆ.

ಮಾರ್ಚ್ ೨೩, ಭಾನುವಾರ

ಇವತ್ತು ವಿಲ್ಫ್‌ನ ಮಗಳು ಗ್ವೆಂಡಾ ಬಂದಿದ್ದಳು. ಅಪ್ಪ ಹೋದ ಮೇಲೆ ಫಾರ್ಮ್ ಅವಳದೇ. ಇಪ್ಪತ್ತೊಂದು ವರ್ಷದಲ್ಲಿ ನಮ್ಮ ಬಾಗಿಲಿಗೆ ಅವಳು ಬಂದದ್ದು ಎರಡು ಸಲ, ಎರಡೂ ಸಲ ತಪ್ಪಿಸಿಕೊಂಡ ಕುರಿ ಹುಡುಕಿಕೊಂಡು. ಬೂಟು ಕೆಸರಾಗಿದೆ ಎಂದು ಒಳಗೆ ಬರಲಿಲ್ಲ. ಎರಡು ಗೊಬ್ಬರದ ಚೀಲಗಳನ್ನು ಮೆಟ್ಟಿಲ ಮೇಲೆ ಇಟ್ಟಳು. ಒಳಗೆ ನನ್ನ ಡಬ್ಬಿಗಳು.

"ಶೆಡ್ಡಲ್ಲಿ ಸಾಲಾಗಿ ಇಟ್ಟಿದ್ದ. ಮೊಳೆ, ವಾಷರ್ರು, ಬೀಜ. ಖಾಲಿ ಮಾಡಿದೀನಿ. ನಿಮ್ಮವು ತಾನೆ?"

ನನ್ನವು. ಬಿಸ್ಕತ್ತಿನ ಡಬ್ಬಿ, ಟಾಫಿ ಡಬ್ಬಿ, ಒಂದು ಹುಬ್ಬಳ್ಳಿಯ ಸ್ಟೀಲು. ಪ್ರತಿ ಮುಚ್ಚಳದ ಮೇಲೂ, ಮರ ಗುರುತು ಮಾಡುವ ದಪ್ಪ ಪೆನ್ಸಿಲಿನಲ್ಲಿ, ಅವನ ದೊಡ್ಡ ಅಕ್ಷರ. ಜನವರಿ ೨೦೦೪. ಹೂಂ ಅಂದೆ. ಜನವರಿ ೨೦೦೫. ಹೂಂ ಅಂದೆ. ಹೀಗೆ ಇಪ್ಪತ್ತು.

ಗ್ವೆಂಡಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಮ್ಮಪ್ಪ ಯಾತಕ್ಕೆ ಹೂಂ ಅಂದಿದ್ದು?"

ಆ ಒಂದು ಕ್ಷಣ ಅವಳ ಮನಸ್ಸಿನಲ್ಲಿ ಓಡುತ್ತಿದ್ದುದು ಬೇರೆಯೇ ಸಂಶಯ ಎಂದು ನನಗೆ ಹೊಳೆಯಿತು. ನಗು ಬರುವಂತಿತ್ತು. ನಗಲಿಲ್ಲ.

"ಉಂಡೆ ಚೆನ್ನಾಗಿದೆಯಾ ಅಂತ ಕೇಳ್ತಿದ್ದೆ" ಎಂದೆ.

ಅವಳ ಭುಜ ಸ್ವಲ್ಪ ಇಳಿಯಿತು. "ಇಪ್ಪತ್ತು ಸಲ? ನಮ್ಮಮ್ಮ ನಲವತ್ತು ವರ್ಷ ಬೇಯಿಸಿ ಹಾಕಿದ್ಳು. ಒಂದ್ ದಿನ ಚೆನ್ನಾಗಿದೆ ಅನ್ಲಿಲ್ಲ ಪುಣ್ಯಾತ್ಮ." ಹೊರಟವಳು ತಿರುಗಿ, "ಹೊಸಬರಿಗೆ ಹೇಳಿ, ಮರಿ ಹಾಕೋ ಕಾಲ್ದಲ್ಲಿ ನನ್ನ ಓಣೀಲಿ ಮೆಲ್ಲಗೆ ಓಡಿಸ್ಬೇಕು. ನಿಮ್ಮ ಯಜಮಾನ್ರ ತರ ಅಲ್ಲ" ಎಂದಳು.

ಚೀಲದ ತಳದಲ್ಲಿ ನನ್ನದಲ್ಲದ ಒಂದು ಡಬ್ಬಿ ಇತ್ತು. ಚಿಕ್ಕ ತಂಬಾಕಿನ ಡಬ್ಬಿ. ಅದರ ಮೇಲೆ: ೨೦೧೬. ಬರ್ಲಿಲ್ಲ. ಆದ್ರೂ ಹೂಂ.

ಆ ಜನವರಿ ನಾನು ಅಮ್ಮನ ಹದಿಮೂರನೆಯ ದಿನಕ್ಕೆ ಹುಬ್ಬಳ್ಳಿಯಲ್ಲಿದ್ದೆ.

ಮಾರ್ಚ್ ೨೪, ಸೋಮವಾರ

ಗ್ವೆಂಡಾಗೆ ಸುಳ್ಳು ಹೇಳಿದ್ದೇನೆ. ಇಷ್ಟು ದಿನ ನಾನು ಸುಮ್ಮನಿದ್ದೆ ಅಷ್ಟೇ ಎಂದುಕೊಳ್ಳಬಹುದಿತ್ತು.

ಮಾರ್ಚ್ ೨೯, ಶನಿವಾರ

ಜೆರೆಮಿ ತನ್ನ ಪುಸ್ತಕ ಒಯ್ಯಲು ಬಂದ. ನಾನು ಚಹಾ ಬೇಕೇ ಎಂದು ಕೇಳಲಿಲ್ಲ, ಮರೆತೆ. ಡಬ್ಬಿಗಳು ಅಡಿಗೆಮನೆಯ ಮೇಜಿನ ಮೇಲೆ ಇದ್ದವು. ಒಂದು ಮುಚ್ಚಳ ಎತ್ತಿ ಓದಿದ. ಇನ್ನೊಂದನ್ನು ಓದಿದ. ಆಮೇಲೆ ಕೂತುಕೊಂಡ.

"ಮುದಿ ನರಿ" ಎಂದ. ಮೆಚ್ಚುಗೆ ಇತ್ತು ದನಿಯಲ್ಲಿ. "ಏನು ಮಾಡಿದಾನೆ ಗೊತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ. ನಾನು ಬೇರೇನೋ ಎಂದುಕೊಂಡಿದ್ದೆ.

"ಇಪ್ಪತ್ತು ವರ್ಷದ ಕಾನೂನು ಈ ಜಿಲ್ಲೆಯ ಪ್ರತಿ ರೈತನಿಗೂ ಗೊತ್ತು ಹೇಮಾ. ಅಪ್ಪಂದಿರು ಮಕ್ಕಳಿಗೆ ಹೇಳಿಕೊಡ್ತಾರೆ. ನೀನು ಪ್ರತಿ ವರ್ಷ ಹೋಗಿ ಕೇಳ್ದೆ, ಅವನು ಪ್ರತಿ ವರ್ಷ ಬರೆದಿಟ್ಟ. ಈ ವರ್ಷಕ್ಕೆ ಆಗ್ಲಿ. ಈ ವರ್ಷಕ್ಕೆ ಮಾತ್ರ. ನಿನ್ನ ಸ್ನೇಹಿತ ಅಂತಿದ್ಯಲ್ಲ, ಅವನು ತನ್ನ ಓಣಿ ಕಾಯ್ತಿದ್ದ."

ಆ ಮಾತು ಸರಿಯಾಗಿಯೇ ಹೊಂದಿಕೊಳ್ಳುತ್ತದೆ. ಆ ನಗು, ಕರಿ ಚಹಾ, ಎಳೆದು ಕೊಟ್ಟ ಕುರ್ಚಿ, ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ. ಬಾರದ ವರ್ಷಕ್ಕೂ: ಕಾಯುವವನು ಒಂದು ವರ್ಷವನ್ನೂ ಖಾಲಿ ಬಿಡುವುದಿಲ್ಲ. ತಂಬಾಕಿನ ಡಬ್ಬಿ ನನ್ನ ಕೋಟಿನ ಜೇಬಿನಲ್ಲಿತ್ತು. ಅದನ್ನು ತೋರಿಸಲಿಲ್ಲ.

ಇಳಾಳ ಹಳೆಯ ಸೈಕಲ್ಲಿಗೆ ಹವೆ ಹಾಕಿಕೊಡಲು ನಾನು ಹಿತ್ತಿಲಿಗೆ ಹೋದೆ. ಬರುವಷ್ಟರಲ್ಲಿ ಅವನ ಕಾರು ಹೋಗಿತ್ತು.

ಮಾರ್ಚ್ ೩೦, ಭಾನುವಾರ

ಇಲ್ಲಿಯ ತಾಯಂದಿರ ದಿನ. ಇಳಾ ಡಾಫೊಡಿಲ್ ತಂದುಕೊಟ್ಟಳು. ಹೂ ಇಡಲು ಟಾಫಿ ಡಬ್ಬಿ ಹುಡುಕಿದೆ. ಮೇಜಿನ ಮೇಲೆ ಇರಲಿಲ್ಲ. ಚೀಲದಲ್ಲೂ ಇರಲಿಲ್ಲ.

ಜೆರೆಮಿಗೆ ಫೋನ್ ಮಾಡಿದೆ. ಹೋಗುವ ದಾರಿಯಲ್ಲಿ ಊರ ಕಸದ ಯಾರ್ಡಿಗೆ ಹಾಕಿದೆ ಎಂದ, ಲೋಹದ ಕಂಟೇನರಿಗೆ. ಗ್ವೆಂಡಾಗೆ ಬುದ್ಧಿ ಬಂದು ವಾಪಸು ಕೇಳಿದರೆ ಕಷ್ಟ ಅಲ್ಲವೇ.

"ನಿನಗೋಸ್ಕರ ಮಾಡ್ದೆ. ಇನ್ನು ನಿನ್ನ ಮಾತು ಒಂದೇ ಉಳಿದಿರೋದು. ಸಹಿ ಹಾಕು, ಮುಗಿದುಹೋಗತ್ತೆ."

"ನನ್ನನ್ನ ಕೇಳಬಹುದಿತ್ತು."

"ನೀನು ಮತ್ತೆ ನಿನ್ನ ಕೇಳೋದು" ಎಂದ. ಬೇಸರದಿಂದಲ್ಲ, ಹಳೆಯ ಪ್ರೀತಿಯಿಂದಲೇ.

ಹೂಗಳನ್ನು ಅಳತೆ ಜಗ್ಗಿನಲ್ಲಿ ಇಟ್ಟೆ.

ಏಪ್ರಿಲ್ ೨, ಬುಧವಾರ

ಕ್ವಿನ್ಸ್ ಸಸಿ ಅಗೆದು ತೆಗೆದೆ. ಬೇರು ಅಂದುಕೊಂಡದ್ದಕ್ಕಿಂತ ಆಳಕ್ಕೆ ಹೋಗಿತ್ತು. ಜಾಡಿಯನ್ನೂ ಕಟ್ಟಿಟ್ಟೆ. ಮೆಸೇಜಿಗೆ ಉತ್ತರ ಬಂದಿದೆಯೋ ಇಲ್ಲವೋ ನೋಡಿಲ್ಲ.

ಏಪ್ರಿಲ್ ೭, ಸೋಮವಾರ

ಹಾಡ್ನೆಟ್ ಮತ್ತೆ ಫೋನ್ ಮಾಡಿದರು. ಕೊಳ್ಳುವವರ ಬ್ಯಾಂಕು ಈಸ್ಟರಿಗೆ ಮುಂಚೆ ಹೇಳಿಕೆ ಕೈಗೆ ಸಿಗದಿದ್ದರೆ ಸಾಲ ಕೊಡುವುದಿಲ್ಲವಂತೆ. ಅನುಮತಿ ಕೇಳಿದ್ದೆವು ಎಂದಾದರೆ ಏನಾಗುತ್ತದೆ ಎಂದು ವಿಚಾರಿಸಿದೆ. ಆಗ ದಾರಿ ಗ್ವೆಂಡಾ ಪ್ರಾಸರಳ ಕೈಯಲ್ಲಿ. ಅವಳು ಕೊಡಬಹುದು, ಕೊಡದಿರಬಹುದು, ತನಗೆ ತೋಚಿದ್ದನ್ನು ಕೇಳಬಹುದು. ಕೊಳ್ಳುವವರು ಅಲ್ಲಿಯವರೆಗೆ ಕಾಯುವುದಿಲ್ಲ. ನಿಮ್ಮ ಲಡ್ಲೋ ಮನೆಯೂ ಹೋಗುತ್ತದೆ. ಒಂದೊಂದನ್ನೇ ವೈದ್ಯರಂತೆ ಹೇಳಿದರು. ಕೊನೆಗೆ ಸ್ವಲ್ಪ ತಡೆದು, ಜೆರೆಮಿ ಈಗಾಗಲೇ ಪ್ರಮಾಣ ಮಾಡಿದ್ದಾರೆ, ಅವರ ಹೇಳಿಕೆಗೂ ನಿಮ್ಮದಕ್ಕೂ ವ್ಯತ್ಯಾಸ ಬಂದರೆ ಅವರಿಗೆ ತೊಂದರೆಯಾಗಬಹುದು ಎಂದರು.

ಗೊತ್ತು ಎಂದೆ. ಅದು ನನಗೆ ಮುಂಚೆಯೇ ಹೊಳೆದಿತ್ತು ಎಂಬುದನ್ನು ಇಲ್ಲಿ ಬರೆದಿಡಬೇಕು. ಕಸದ ಯಾರ್ಡಿನ ವಿಷಯ ಕೇಳಿದ ಗಳಿಗೆಯಲ್ಲೇ ಹೊಳೆದಿತ್ತು. ಅದರಲ್ಲಿ ಒಂದು ಸುಖವೂ ಇತ್ತು. ಆ ಸುಖವನ್ನು ಪ್ರಾಮಾಣಿಕತೆ ಎಂದು ಕರೆಯಲು ವಾರವಿಡೀ ಪ್ರಯತ್ನಿಸಿದೆ.

ಏಪ್ರಿಲ್ ೯, ಬುಧವಾರ

ಇಳಾಗೆ ಹೇಳಿದೆ. ಕೇಳಿದ್ದು ನಿಜ ಎಂದೇ ಬರೆಯುತ್ತೇನೆ ಎಂದೆ. ಅವಳು ಬಹಳ ಹೊತ್ತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದಳು.

"ಆ ತಾತ ನಿನ್ನನ್ನ ಉಪಯೋಗಿಸ್ಕೊಂಡ ಅಂತಾರೆ ಅಪ್ಪ."

"ಇರಬಹುದು."

"ಮಗಳಿಗಂತೂ ನಿನ್ನ ಕಂಡರೆ ಆಗಲ್ಲ."

"ಆಗಲ್ಲ."

"ಹಾಗಾದ್ರೆ ಯಾರಿಗೋಸ್ಕರ ಅಮ್ಮಾ ಇದು? ನನಗೋಸ್ಕರ ಅಂತೂ ಅಲ್ಲ."

ಅಲ್ಲ ಎಂದೆ. ಅವಳು ತಟ್ಟೆಯನ್ನು ಹಾಗೇ ಬಿಟ್ಟು ಮೇಲೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೂಡ ಮಾಡಲಿಲ್ಲ. ಅಪ್ಪನ ಮೃದುತನ ಬಂದಿದೆ ಅವಳಿಗೆ.

ಏಪ್ರಿಲ್ ೧೦, ಗುರುವಾರ

ಮೂರನೆಯ ಕಲಮಿನಲ್ಲಿ "ಕೇಳದೆ ಮತ್ತು ಪಡೆಯದೆ" ಎಂಬುದರ ಮೇಲೆ ಗೆರೆ ಎಳೆದೆ. ಅಂಚಿನಲ್ಲಿ ಜಾಗ ಸಾಲದೆ ಹಿಂಬದಿಗೆ ಬರೆದೆ:

"೨೦೦೪ರಿಂದ ೨೦೨೪ರವರೆಗೆ ಪ್ರತಿ ಜನವರಿಯ ಮೊದಲ ಭಾನುವಾರ ನಾನು ವಿಲ್ಫ್ರೆಡ್ ಪ್ರಾಸರ್ ಅವರ ಅಡಿಗೆಮನೆಗೆ ಹೋಗಿ ಆ ವರ್ಷಕ್ಕೆ ಓಣಿ ಬಳಸಲು ಅನುಮತಿ ಕೇಳಿದೆ. ಪ್ರತಿ ಸಲವೂ ಅವರು ಆ ಒಂದು ವರ್ಷಕ್ಕೆ ಒಪ್ಪಿದರು. ೨೦೨೧ರಲ್ಲಿ ಕೋವಿಡ್ ನಿರ್ಬಂಧ ಇದ್ದುದರಿಂದ ಗೇಟಿನಾಚೆ ನಿಂತು ಕೇಳಿದೆ. ೨೦೧೬ರಲ್ಲಿ ಕೇಳಲಿಲ್ಲ. ೨೦೨೫ರಲ್ಲಿ ಕೇಳಲಿಲ್ಲ. ಅವರು ಇದನ್ನು ಡಬ್ಬಿಯ ಮುಚ್ಚಳಗಳ ಮೇಲೆ ಬರೆದಿಟ್ಟಿದ್ದರು. ಆ ಡಬ್ಬಿಗಳನ್ನು ಮಾರ್ಚ್ ೨೯ರಂದು ನನ್ನ ಗಂಡ ಕಸಕ್ಕೆ ಹಾಕಿದ."

ಕೊನೆಯ ವಾಕ್ಯ ಬೇಕಿರಲಿಲ್ಲ. ಹೊಡೆದು ಹಾಕಲು ಪೆನ್ನು ಎತ್ತಿದೆ. ಬಿಟ್ಟೆ.

ಇನ್ನೊಂದು ಕಾಗದ ಗ್ವೆಂಡಾಗೆ, ನಾಲ್ಕು ಸಾಲು. ನಿಮ್ಮಪ್ಪ ಹೂಂ ಅಂದದ್ದು ಉಂಡೆಗಲ್ಲ, ದಾರಿಗೆ. ನಾನು ನಿಮಗೆ ಸುಳ್ಳು ಹೇಳಿದ್ದೆ. ದಯವಿಟ್ಟು, ಕ್ಷಮಿಸಬಹುದೇ, ಏನಾದರೂ ಆಗಬಹುದೇ ಎಂದೇನೂ ಬರೆದಿಲ್ಲ. ಬರೆದು ಮುಗಿಸಿ ಓದಿದಾಗ ಸ್ವಲ್ಪ ಒರಟಾಗಿದೆ ಎನಿಸಿತು. ನನ್ನ ಇಂಗ್ಲಿಷ್ ಇತ್ತೀಚೆಗೆ ಕೆಡುತ್ತಿರಬೇಕು.

ತಂಬಾಕಿನ ಡಬ್ಬಿಯನ್ನು ಯಾರಿಗೂ ಕಳಿಸುವುದಿಲ್ಲ. ಅದರ ಮೇಲಿರುವುದು ಲೆಕ್ಕವೋ ಮಮತೆಯೋ, ಹೇಳಬಲ್ಲವನು ಇಲ್ಲ. ಆ ವರ್ಷ ನಾನು ಕೇಳಿರಲಿಲ್ಲ. ಆದ್ದರಿಂದ ಅದು ಸಾಕ್ಷಿಯಲ್ಲ.

ಟಪಾಲು ಪೆಟ್ಟಿಗೆ ಇರುವುದು ಓಣಿಯ ಆ ತುದಿಯಲ್ಲಿ, ಪ್ರಾಸರ್ ಬೇಲಿಯೊಳಗೆ ಹುದುಗಿಕೊಂಡು. ಬೆಳಿಗ್ಗೆ ಒಂಬತ್ತಕ್ಕೆ ತೆಗೆಯುತ್ತಾರೆ. ಗ್ವೆಂಡಾ ನಿನ್ನೆ ಓಣಿಯ ಗೇಟಿಗೆ ಸರಪಳಿ ಸುತ್ತಿದ್ದಾಳೆ, ಬೀಗ ಹಾಕಿಲ್ಲ. ಬಿಚ್ಚಿಕೊಂಡು ನಡೆದೇ ಹೋಗುತ್ತೇನೆ.

ಎರಡೂ ಲಕೋಟೆಗೆ ಸ್ಟ್ಯಾಂಪು ಅಂಟಿಸಿಯಾಗಿದೆ. ಅಂಚೆಗೆ ಹಾಕುವುದು ನಾಳೆ, ಶುಕ್ರವಾರ, ಏಪ್ರಿಲ್ ೧೧.